ತಾರಸಿ ಹತ್ತದ ಮಗಳು

ಊರು ಇನ್ನೂ ಮಗ್ಗುಲು ಬದಲಿಸುತ್ತಿರುವ ಹೊತ್ತಿಗೆ ಕುಕ್ಕರಕ್ಕ ಕಿವಿಯೋಲೆ ಬಿಚ್ಚಿಟ್ಟು, ಮನೆಯ ಬಟ್ಟೆ ಬದಲಿಸಿ ಕೆಲಸಕ್ಕೆ ನಿಂತಾಗಿದೆ. ಅದು ಹಕ್ಕಿ ಜ್ವರದ ಸಂಶೋಧನೆ ನಡೆಯುವ ಪ್ರಯೋಗಾಲಯದ ಒಳಕೋಣೆ. ಬಳಸಿದ ಕೈಗವಸು, ಸೂಜಿ, ಕೊಳವೆ ಯಾವುದೂ ಅಲ್ಲಿಂದ ಹಾಗೇ ಹೊರಗೆ ಹೋಗುವಂತಿಲ್ಲ. ಎಲ್ಲವನ್ನೂ ಚೀಲಕ್ಕೆ ತುಂಬಿ, ಆಳೆತ್ತರದ ಉಕ್ಕಿನ ಯಂತ್ರದೊಳಗೆ ತಳ್ಳಿ, ಹಬೆಯಲ್ಲಿ ಬೇಯಿಸುವುದು ಇವರ ಪಾಲಿನ ಕೆಲಸ. ದಿನಕ್ಕೆ ಏಳೆಂಟು ಸಲ. ಪೂರ್ತಿ ಬೆಂದದ್ದಕ್ಕೆ ಗುರುತಾಗಿ ಚೀಲದ ಮೇಲಿನ ಪಟ್ಟಿ ಕಪ್ಪಾಗದಿದ್ದರೆ ಇನ್ನೊಮ್ಮೆ. "ಮನೇಲಿ ಅರೆಬೆಂದ್ರೆ ಗಂಡ ಮುಖ ಸಿಂಡರಿಸ್ತಾರೆ, ಅಷ್ಟೇ. ಇಲ್ಲಿ ಅರೆಬೆಂದ್ರೆ ಊರಿಗೇ ಕೇಡು," ಎಂದು ನಗುತ್ತಾರೆ. ಜೊತೆಯವರು ಕುಕ್ಕರಕ್ಕ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

ಕೆಲಸ ಮುಗಿದ ಮೇಲೆ ತಲೆಗೆ ಸ್ನಾನ ಮಾಡಿಯೇ ಹೊರಬರಬೇಕು. ಒದ್ದೆ ಕೂದಲಲ್ಲೇ ಅವರು ಎರಡು ಬೀದಿ ದಾಟಿ ಅಪ್ಪನ ಮನೆಯ ಎದುರಿಗೆ ಬಂದು ನಿಲ್ಲುತ್ತಾರೆ. ಒಳಗೆ ಹೋಗುವುದಿಲ್ಲ. ಅಪ್ಪ ತಾರಸಿಯ ಕೋಣೆಯಲ್ಲಿ ಪಾರಿವಾಳಗಳ ಜೊತೆ ಇದ್ದಾರೆ. ಮಂಡಿನೋವು ಬಂದಮೇಲೆ ಮೆಟ್ಟಿಲು ಇಳಿದಿಲ್ಲ; ಅವರನ್ನು ನೋಡಿಕೊಳ್ಳುವುದು ಕುಕ್ಕರಕ್ಕನ ತಮ್ಮ. ಒಳಕೋಣೆಯಲ್ಲಿ ದುಡಿಯುವವರು ಅಲ್ಲಿಂದ ಬಂದ ಮೇಲೆ ಐದು ದಿನ ಹಕ್ಕಿಗಳ ಬಳಿ ಸುಳಿಯಬಾರದೆಂಬುದು ಪ್ರಯೋಗಾಲಯದ ಕಟ್ಟುಪಾಡು. ವಾರಕ್ಕೊಂದೇ ರಜೆ ಇರುವವರಿಗೆ ಐದು ದಿನ ಎಲ್ಲಿಂದ ಬರಬೇಕು? ಪಾರಿವಾಳಕ್ಕೆ ಕಾಳು ಎರಚುತ್ತಲೇ ಬೆಳೆದ ಮಗಳು ಈಗ ಕತ್ತೆತ್ತಿ ಕೂಗುತ್ತಾರೆ:

"ಅಪ್ಪಾ, ಮಾತ್ರೆ ತಗೊಂಡ್ಯಾ?"

"ತಗೊಂಡೆ ಕಣಮ್ಮಾ! ಬಿಳಿದು ಮೊಟ್ಟೆ ಇಟ್ಟಿದೆ, ಬಂದು ನೋಡು!"

"ಸುಮ್ನಿರಪ್ಪಾ, ಆಸೆ ಹುಟ್ಟಿಸ್ಬೇಡ!"

ಕೆಳಗಿನ ಅಂಗಡಿಯ ದರ್ಜಿ ತಲೆಯೆತ್ತದೆ ಹೇಳುತ್ತಾರೆ: "ನಿಮ್ಮನೆ ಗುಟ್ಟೆಲ್ಲ ನನ್ನ ಹೊಲಿಗೆ ಮಿಷಿನ್‌ಗೂ ಬಾಯಿಪಾಠ ಆಗಿದೆ, ಅಕ್ಕಾ."

ಪ್ರಯೋಗಾಲಯವನ್ನು ಊರಾಚೆಗೆ ಸಾಗಿಸಿ ಎಂದು ಬೀದಿಯವರನ್ನು ಒಗ್ಗೂಡಿಸುತ್ತಿರುವುದೂ ಇದೇ ದರ್ಜಿ. "ಇಷ್ಟೊಂದು ಜನ ಇರೋ ಕಡೆ ರೋಗಾನ ಮಡಿಲಲ್ಲಿ ಕಟ್ಕೊಂಡು ಕೂರ್ಬೇಕಾ?" ಎಂಬ ಅವರ ಪ್ರಶ್ನೆಯನ್ನು ಕುಕ್ಕರಕ್ಕ ತಳ್ಳಿಹಾಕುವುದಿಲ್ಲ. ಜೊತೆಗಾರ್ತಿಯ ಕೈಗವಸು ಹರಿದು, ಅವಳನ್ನು ಬೇರೆ ಕೋಣೆಯಲ್ಲಿ ಇರಿಸಿದ ದಿನಗಳನ್ನು ಅವರು ಕಂಡಿದ್ದಾರೆ. ಅವಳಿಗೆ ಏನೂ ಆಗಲಿಲ್ಲ. ಇವರಿಗೆ ಮಾತ್ರ ನಿದ್ದೆ ಹತ್ತಲಿಲ್ಲ. ಆದರೆ ಹೋದ ವರ್ಷ ಮಾರುಕಟ್ಟೆಯಲ್ಲಿ ಕೋಳಿಗಳು ಸತ್ತಾಗ ಪ್ರಯೋಗಾಲಯ ಹತ್ತಿರವಿದ್ದುದರಿಂದ ಸಂಜೆಯೊಳಗೆ ರೋಗ ಯಾವುದೆಂದು ತಿಳಿಯಿತು. ಮಾರುಕಟ್ಟೆ ಮುಚ್ಚಿತು. ಜ್ವರ ತಾರಸಿಯ ಗೂಡುಗಳಿಗೆ ಏರಲಿಲ್ಲ.

ಊರಾಚೆಗೆ ಹೋದರೆ ಅಷ್ಟು ದೂರ ಓಡಾಡಲಾಗದೆ ಕುಕ್ಕರಕ್ಕ ಕೆಲಸ ಬಿಡಬೇಕಾಗುತ್ತದೆ. ಬಿಟ್ಟರೆ ವಾರದೊಳಗೆ ಅಪ್ಪನ ಬಳಿ ಕೂರಬಹುದು. ಬೀದಿಗೆಲ್ಲ ಇದು ಗೊತ್ತು. ಅದಕ್ಕೇ ಮೊನ್ನೆ ಅಂಗಡಿಯ ಮುಂದೆ ನಡೆದ ಸಭೆಯಲ್ಲಿ ದರ್ಜಿ ಇವರನ್ನೇ ಎಬ್ಬಿಸಿದರು: "ಎದೆ ಮುಟ್ಕೊಂಡು ಹೇಳಿ ಅಕ್ಕಾ, ಅಲ್ಲಿ ಭಯ ಇಲ್ವಾ?"

"ಇದೆ. ಭಯ ಇರೋದಕ್ಕೇ ಅಪ್ಪನ ಹತ್ರ ಹೋಗ್ದೆ ಬೀದೀಲಿ ನಿಂತಿರೋದು. ಹೀಗೆ ನಿಲ್ಲೋರು ಇರೋತನಕ ಅದು ಇಲ್ಲೇ ಇರ್ಲಿ. ನಿಲ್ಲೋರು ಇಲ್ದಿದ್ರೆ ಆವಾಗ ಎತ್ತಾಕಿ, ನಾನೂ ಕೈ ಹಚ್ತೀನಿ."

ಮೇಲಿಂದ ಅಪ್ಪ, "ಹಾಳಾದ ಕೆಲಸ!" ಎಂದು ಗೊಣಗಿದ್ದು ಎಲ್ಲರಿಗೂ ಕೇಳಿಸಿತು. ದರ್ಜಿ ಪಟ್ಟು ಬಿಟ್ಟಿಲ್ಲ. ಆದರೆ ಈಗೀಗ ಅಂಗಡಿಯ ಮುಂದೆ ಅಕ್ಕನಿಗೊಂದು ಕುರ್ಚಿ ಹಾಕಿರುತ್ತಾರೆ.

ಬದಲಿ ಆಳು ಸಿಕ್ಕರೆ ಒಂದು ವಾರ ರಜೆ ಕೊಡುತ್ತೇವೆ ಎಂದು ಪ್ರಯೋಗಾಲಯದ ಮೇಲಧಿಕಾರಿಗಳು ಹೇಳಿದ್ದಾರೆ. ಆಳು ಇನ್ನೂ ಸಿಕ್ಕಿಲ್ಲ. ಸಿಕ್ಕರೆ ಏನು ಮಾಡುತ್ತೀರಿ ಎಂದರೆ ಕುಕ್ಕರಕ್ಕನ ಉತ್ತರ ಸಿದ್ಧವಿದೆ:

"ಐದು ದಿನ ಮನೇಲಿ ಬಿದ್ಕೊಂಡಿರ್ತೀನಿ. ಆರನೇ ದಿನ ಮೇಲೆ ಹತ್ತಿ ಅಪ್ಪನ ಕಾಲುಗುರು ಕತ್ತರಿಸ್ತೀನಿ. ತಮ್ಮ ಕತ್ತರಿಸೋಕೆ ಹೋದ್ರೆ ಅಪ್ಪ ಕಚಗುಳಿ ಅಂತ ಒದೀತಾನಂತೆ. ನಾನು ಹಿಡ್ಕೊಂಡ್ರೆ ಕಾಲು ಸುಮ್ನೆ ಕೊಡ್ತಾನೆ."