ಮುಚ್ಚಳ ತೆಗೆಯುವ ಪಾಠ

ಗಂಟೆಗೆ ಅರವತ್ತು ರೂಪಾಯಿ. ಕಾರ್ಕಳದಿಂದ ಮಣಿಪಾಲಕ್ಕೆ ನಮ್ಮಿಬ್ಬರ ಬಸ್ ಚಾರ್ಜು ಬೇರೆ. ಎರಡು ಸಾವಿರದ ಇಸವಿ ದಾಟಿದ ಹೊಸತು. ಅಲ್ಲಿನ ಥೆರಪಿ ಕೇಂದ್ರದಲ್ಲಿ ಮಗಳು ಶರ್ಮಿಳಾ ಒಬ್ಬಳಿಗೇ ಕೈಕಾಲಿನ ಅಭ್ಯಾಸ ಕಲಿಸುವುದಾದರೆ ನೂರೈವತ್ತು, ಆರು ಮಕ್ಕಳ ಗುಂಪಿನಲ್ಲಾದರೆ ಅರವತ್ತು ಎಂದರು. ಸಗಟಿನಲ್ಲಿ ಕೊಂಡರೆ ಅಗ್ಗ ಎಂಬುದು ಪಾತ್ರೆ ಅಂಗಡಿಯವನಾದ ನನಗೆ ಗೊತ್ತಿರುವ ಏಕೈಕ ಅರ್ಥಶಾಸ್ತ್ರ. ಗುಂಪನ್ನೇ ಆರಿಸಿ, ಐವತ್ತಕ್ಕೆ ಇಳಿಸಲೂ ನೋಡಿದೆ.

"ಇಲ್ಲಿ ಚೌಕಾಶಿ ಇಲ್ಲ ಮಾರಾಯ್ರೇ" ಎಂದರು ಥೆರಪಿಸ್ಟ್ ಸುನೀತಾ ಮೇಡಂ. ವ್ಯಾಪಾರದಲ್ಲಿ ನಾನು ಸೋತದ್ದು ಕಡಿಮೆ; ಅಂದು ಸೋತೆ.

ಶರ್ಮಿಳಾಗೆ ಆಗ ಎಂಟು ವರ್ಷ. ಮಗ್ಗಿ ತಪ್ಪಿಲ್ಲದೆ ಹೇಳುವ ಹುಡುಗಿಗೆ ಅಂಗಿಯ ಗುಂಡಿ ಹಾಕಲು ಬಾರದು, ಸಮ ನೆಲದಲ್ಲೂ ಎಡವುತ್ತಾಳೆ. ಶಾಲೆಯಲ್ಲಿ ಸೋಮಾರಿ ಎಂದರು, ನಾನೂ ಎಂದಿದ್ದೆ. ಬುದ್ಧಿಗೆ ಏನೂ ಆಗಿಲ್ಲ, ನಮ್ಮ ಕೈಕಾಲು ತಾನಾಗಿ ಕಲಿಯುವುದನ್ನು ಇವಳದ್ದು ಒಂದೊಂದಾಗಿ ಕಲಿಯಬೇಕು ಎಂದು ಡಾಕ್ಟರು ತಿಳಿಸಿ ಹೇಳಿದ ಮೇಲೆ ಆ ಮಾತನ್ನು ನುಂಗಿಕೊಂಡೆ.

ನಮ್ಮ ದೊಡ್ಡ ಚಿಂತೆ ಅವಳ ಊಟದ್ದು. ಶಾಲೆಗೆ ಒಯ್ದ ಬುತ್ತಿ ಹಾಗೇ ವಾಪಸು ಬರುತ್ತಿತ್ತು, ಹುಡುಗಿ ಸೊರಗುತ್ತಿದ್ದಳು. ಹೆಂಡತಿ ಇಡ್ಲಿ ಬಿಟ್ಟು ಚಪಾತಿ ಮಾಡಿದಳು, ಚಪಾತಿ ಬಿಟ್ಟು ನೀರುದೋಸೆ. ನಾನು ಅಂಗಡಿಯ ಉತ್ತಮ ಡಬ್ಬಿಯನ್ನೇ ತಂದುಕೊಟ್ಟೆ: ತಲೆಕೆಳಗು ಹಿಡಿದರೂ ಸಾರು ಹನಿ ಚೆಲ್ಲದು.

ಗುಂಪಿನ ಕೊನೆಯ ಕಾಲು ಗಂಟೆ ತಿಂಡಿಗೆ. ಅದೂ ಪಾಠವೇ, ದೊಡ್ಡವರು ಯಾರೂ ಕೈ ಹಾಕುವಂತಿಲ್ಲ. ಒಂದು ಶನಿವಾರ ಗಾಜಿನ ಬಾಗಿಲ ಈಚೆಯ ಬೆಂಚಿನಿಂದ ನೋಡುತ್ತಿದ್ದೆ. ಬಾಗಿಲು ಅರ್ಧ ತೆರೆದಿತ್ತು. ಶರ್ಮಿಳಾ ಡಬ್ಬಿಯನ್ನು ಒಮ್ಮೆ ತಿರುಗಿಸಿ, ಮೆಲ್ಲಗೆ ಚೀಲಕ್ಕೆ ಹಾಕಿ, "ನಂಗೆ ಹಸಿವಿಲ್ಲ" ಎಂದಳು. ಹೇಳಿ ಹೇಳಿ ರೂಢಿಯಾದ ಮಾತಿನಂತಿತ್ತು ಅದು.

ಪಕ್ಕದಲ್ಲಿದ್ದ ಕಾಪುವಿನ ಹುಡುಗಿ ರೇಷ್ಮಾ ಬಿಡಲಿಲ್ಲ. "ಸುಳ್ಳು! ಹಸಿವು ಉಂಟು, ಮುಚ್ಚಳ ಬರುದಿಲ್ಲ. ನಂಗೂ ಬರುದಿಲ್ಲ. ನೀನು ಗಟ್ಟಿ ಹಿಡಿ, ನಾನು ಎಳಿತೇನೆ."

ನಾನು ಎದ್ದು ಬಾಗಿಲಿಗೆ ಹೋದೆ. ಸುನೀತಾ ಮೇಡಂ ಕೈ ಅಡ್ಡ ಹಿಡಿದರು. "ಕೂತ್ಕೊಳ್ಳಿ. ಸೋಮವಾರ ಶಾಲೆಗೂ ಬಂದು ತೆಗೆದುಕೊಡ್ತೀರಾ?"

ಕೂತೆ. ನಾಲ್ಕು ಕೈ ಜಾರಿದವು, ಮತ್ತೆ ಹಿಡಿದವು. ಕಡೆಗೆ ಮುಚ್ಚಳ ಹಾರಿತು, ಚಟ್ನಿ ಇಬ್ಬರ ಮಡಿಲಿಗೂ ಬಿತ್ತು. ಇಬ್ಬರೂ ನಕ್ಕರು. ಮಗಳು ಮೂರು ದೋಸೆ ತಿಂದಳು.

ಬಸ್ಸಿನಲ್ಲಿ ಕೇಳಿದೆ, "ಶಾಲೆಯಲ್ಲಿ ಕೇಳಿದ್ರೆ ಯಾರಾದ್ರೂ ತೆಗೆದುಕೊಡ್ತಿದ್ರಲ್ಲ ಮಗಾ?"

"ಕೇಳಿದ್ರೆ ನಗ್ತಾರೆ ಪಪ್ಪ. ಗುಂಪಿನಲ್ಲಿ ಯಾರಿಗೂ ಬರುದಿಲ್ಲ ಅಲ್ವಾ?"

ಅಗ್ಗವೆಂದು ನಾನು ಕೊಂಡದ್ದು ಇದನ್ನು. ಒಬ್ಬಳೇ ಕೂತು ಕಲಿತಿದ್ದರೆ ಆ ಕೋಣೆಯಲ್ಲೂ ಕೈ ಸೋಲುವವಳು ಅವಳೊಬ್ಬಳೇ ಆಗಿರುತ್ತಿದ್ದಳು.

ಆದ್ದರಿಂದ ಹೇಳುತ್ತೇನೆ ಕೇಳಿ. ಡಬ್ಬಿ ಕೊಳ್ಳಲು ಅಂಗಡಿಗೆ ಬರುವಾಗ ಮಗುವನ್ನೂ ಕರೆದುಕೊಂಡು ಬನ್ನಿ. ಡಬ್ಬಿಯನ್ನು ಅದರ ಕೈಗೇ ಕೊಟ್ಟು, ನಿಮ್ಮ ಎರಡೂ ಕೈ ಹಿಂದೆ ಕಟ್ಟಿ ನಿಲ್ಲಿ. ಅದು ಮುಚ್ಚಳ ತೆಗೆಯುವ ತನಕ ದರ ವಿಚಾರಿಸಬೇಡಿ. ಸಡಿಲ ಮುಚ್ಚಳದ್ದೇ ಸಾಕು. ಸಾರು ಚೆಲ್ಲಿದರೆ ಚೀಲ ತೊಳೆದರಾಯಿತು.