ಪೂರ್ವಕ್ಕೆ ಇಟ್ಟ ಬ್ಯಾಗು

ಬೀರುವಿನ ಕೆಳಗಿನ ಖಾನೆ ಎಳೆದಾಗ ಮೊದಲು ಬಂದದ್ದು ನುಸಿಗುಳಿಗೆಯ ವಾಸನೆ. ಅದರ ಹಿಂದೆಯೇ, ಸ್ವಲ್ಪ ತಡೆದು, ಚಟ್ನಿಪುಡಿಯದ್ದು. ಒಣಕೊಬ್ಬರಿ, ಇಂಗು, ಬ್ಯಾಡಗಿ ಮೆಣಸಿನಕಾಯಿ... ಆ ಪುಡಿಯ ಡಬ್ಬಿಯನ್ನು ನಾನೇ ತೆಗೆದು ಎಸೆದು ಎಷ್ಟೋ ವರ್ಷಗಳಾದವು. ವಾಸನೆ ಮಾತ್ರ ಅಲ್ಲಿದ್ದ ಬ್ಯಾಗಿನ ರೆಕ್ಸಿನ್ನಿನೊಳಗೆ ಹೇಗೋ ಉಳಿದುಕೊಂಡಿದೆ. ಮುಂದಿನ ವಾರ ಬಸವನಗುಡಿಯ ಈ ಮನೆ ಖಾಲಿ ಮಾಡಿ ಮಗಳ ಜೊತೆ ಕೆಂಗೇರಿ ಕಡೆಯ ಫ್ಲ್ಯಾಟಿಗೆ ಹೋಗಬೇಕು. ಯಾವುದು ಇಟ್ಟುಕೊಳ್ಳುವುದು, ಯಾವುದು ಬಿಡುವುದು ಅಂತ ಬೆಳಗಿನಿಂದ ನೋಡುತ್ತಿದ್ದವಳು ಸ್ಟೂಲ್ ಎಳೆದುಕೊಂಡು ಅಲ್ಲೇ ಕೂತುಬಿಟ್ಟೆ.

ನೀಲಿ ಬಣ್ಣದ ಸಣ್ಣ ಬ್ಯಾಗು. ಆ ಕಾಲದಲ್ಲಿ ವಿಮಾನದ ಟಿಕೆಟ್ಟಿನ ಜೊತೆ ಫ್ರೀಯಾಗಿ ಕೊಡುತ್ತಿದ್ದಂಥದ್ದು. ನನ್ನದಲ್ಲ. ಪಕ್ಕದ ಮನೆಯ ಮಿಸ್‌ದು.

ಅವರು ಹುಡುಗಿಯರ ಶಾಲೆಯಲ್ಲಿ ಜಾಗ್ರಫಿ ಟೀಚರ್. ನಮ್ಮ ರಸ್ತೆಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಪೋಸ್ಟ್‌ಮ್ಯಾನ್, ತರಕಾರಿಯವಳು, ಎಲ್ಲರಿಗೂ ಅವರು ಮಿಸ್. ಮದುವೆಯಾಗಿರಲಿಲ್ಲ. ಸಣ್ಣ ಅಂಚಿನ ಹತ್ತಿ ಸೀರೆ, ಭುಜಕ್ಕೊಂದು ಪಿನ್ನು, ಉಗುರಿನ ಸಂದಿಯಲ್ಲಿ ಯಾವಾಗಲೂ ಸೀಮೆಸುಣ್ಣ. ಮನೆಯಲ್ಲಿ ಅವರು ಮತ್ತು ವಯಸ್ಸಾದ ತಾಯಿ, ಇಬ್ಬರೇ. ತಾಯಿಯನ್ನು ನಾವೆಲ್ಲ ಅಜ್ಜಿ ಅನ್ನುತ್ತಿದ್ದೆವು.

ನಾನು ದಂಡಿನ ಕಡೆಯ ಕಾನ್ವೆಂಟಿನಲ್ಲಿ ಓದಿ, ಎಪ್ಪತ್ತರ ದಶಕದ ಶುರುವಿನಲ್ಲಿ ಈ ಮನೆಗೆ ಸೊಸೆಯಾಗಿ ಬಂದವಳು. ಕನ್ನಡದಲ್ಲಿ ಜಗಳವಾಡುವುದು ಕೂಡ ಬರುತ್ತಿರಲಿಲ್ಲ. ನಮ್ಮತ್ತೆ ಬಂದವರಿಗೆಲ್ಲ "ನಮ್ಮ ಇಂಗ್ಲಿಷ್ ಸೊಸೆ, ಹುಣಸೇಹಣ್ಣಿಗೂ ಪ್ಲೀಸ್ ಅಂತಾಳೆ" ಎಂದು ಪರಿಚಯ ಮಾಡಿಸುತ್ತಿದ್ದರು. ಕಾಂಪೌಂಡ್ ಗೋಡೆಯ ಆಚೆಯಿಂದ ಮಿಸ್ ಮೊದಲ ದಿನ "ಹೌ ಆರ್ ಯು ಸೆಟ್ಲಿಂಗ್ ಇನ್, ಮೈ ಡಿಯರ್?" ಎಂದು ಕೇಳಿದಾಗ ನನಗೆ ಅಳು ಬಂದಿತ್ತು. ಸಿಲ್ಲಿ, ಐ ನೋ. ಆದರೆ ಅಂದಿನಿಂದ ನನ್ನ ಸಾಯಂಕಾಲಗಳು ಆ ಗೋಡೆಯ ಹತ್ತಿರವೇ ಕಳೆದವು.

ಆ ವರ್ಷ ಮಿಸ್ ಮನೆಯ ಮುಂದಿನ ರೂಮಿನಲ್ಲಿ ಥಾಯ್ಲೆಂಡಿನ ಹೆಂಗಸೊಬ್ಬಳು ಪೇಯಿಂಗ್ ಗೆಸ್ಟ್ ಆಗಿದ್ದಳು. ಇಂಗ್ಲಿಷ್ ಕಲಿಸುವ ಟ್ರೈನಿಂಗಿಗೆಂದು ಬೆಂಗಳೂರಿಗೆ ಬಂದವಳು. ಮಿಸ್‌ಗಿಂತ ಸ್ವಲ್ಪ ಚಿಕ್ಕವಳು. ಅಜ್ಜಿ ಅವಳನ್ನು "ಚೀನಾ ಹುಡುಗಿ" ಅನ್ನುತ್ತಿದ್ದರು. ಮಿಸ್ ಪ್ರತಿಸಲ ಅಟ್ಲಾಸ್ ತಂದು ತೋರಿಸಿ ತಿದ್ದುವರು. ಅಜ್ಜಿ ಕಣ್ಣು ಕೂಡ ಹಾಯಿಸದೆ, "ಎಲ್ಲಾದ್ರೂ ಇರ್ಲಿ ಬಿಡೇ, ತಲೆಗೆ ಎಣ್ಣೆ ಚೆನ್ನಾಗಿ ಒತ್ತುತ್ತಾಳೆ" ಅನ್ನುವರು. ಅವಳು ಊರಿಗೆ ವಾಪಸು ಹೋದಳು. ಮಿಸ್ ಆ ರೂಮನ್ನು ಆಮೇಲೆ ಯಾರಿಗೂ ಬಾಡಿಗೆಗೆ ಕೊಡಲಿಲ್ಲ.

ಕೆಲವು ವರ್ಷಗಳ ಮೇಲೆ ಅವಳಿಂದ ಸುದ್ದಿ ಬಂತು. ಟೀಚರ್ ಕೆಲಸ ಬಿಟ್ಟು, ತಮ್ಮ ದೇಶದ ಒಂದು ಸಣ್ಣ ದ್ವೀಪದಲ್ಲಿ ಗೆಸ್ಟ್‌ಹೌಸ್ ಶುರು ಮಾಡಿದ್ದಳು. ಗೆಸ್ಟ್‌ಹೌಸ್ ಅಂದರೆ ದೊಡ್ಡದೇನಲ್ಲ, ತೆಂಗಿನ ಮರಗಳ ಕೆಳಗೆ ಬಿದಿರಿನ ಕೆಲವು ಗುಡಿಸಲು, ಸೊಳ್ಳೆಪರದೆ, ಒಂದೊಂದು ಲಾಟೀನು. ಜನ ಬರುವುದು ಕಡಿಮೆ. ದಿನಕ್ಕೊಂದು ದೋಣಿ. ಬೇಸಿಗೆ ರಜಕ್ಕೆ ಬಾ, ಸಮುದ್ರ ಶಾಂತವಾಗಿರುತ್ತದೆ, ದಡಕ್ಕೆ ಹತ್ತಿರದ ಕೊನೆಯ ಗುಡಿಸಲು ನಿನಗೆ ಎಂದು ಬರೆದಿದ್ದಳು.

ಮಿಸ್‌ಗೆ ಆಗ ಐವತ್ತರ ಹತ್ತಿರ. ಇಷ್ಟು ವರ್ಷ ಮಾನ್ಸೂನ್, ಹವಳದ ದಂಡೆ, ಉಬ್ಬರವಿಳಿತ ಅಂತ ಪಾಠ ಮಾಡಿದವರು ಸಮುದ್ರ ನೋಡಿದ್ದು ಒಂದೇ ಒಂದು ಸಲ, ಮದ್ರಾಸಿನಲ್ಲಿ, ಚಿಕ್ಕ ಹುಡುಗಿಯಾಗಿದ್ದಾಗ.

"ಅಪ್ಪ ಕೈ ಬಿಡ್ಲೇ ಇಲ್ಲ ಕಣೇ. ಕಾಲು ಒದ್ದೆ ಮಾಡ್ಕೋಬೇಡ, ಶೂ ಹಾಳಾಗುತ್ತೆ ಅಂದ್ರು" ಎಂದಿದ್ದರು ನನಗೆ. "ಅಲೆ ವಾಪಸ್ ಹೋಗುವಾಗ ಕಾಲ ಕೆಳಗಿನ ಮರಳನ್ನ ಎಳ್ಕೊಂಡು ಹೋಗುತ್ತಂತೆ. ಬೋರ್ಡ್ ಮೇಲೆ ಬರೆದು ಬರೆದು ಸಾಕಾಗಿದೆ. ಒಂದ್ಸಲ ನನ್ನ ಕಾಲಿಗೆ ಗೊತ್ತಾಗ್ಬೇಕು."

ಹಾಗೆ ಶುರುವಾಯಿತು ನಮ್ಮ ಪ್ಲ್ಯಾನಿಂಗ್. ಆ ದ್ವೀಪ ಶಾಲೆಯ ಅಟ್ಲಾಸಿನಲ್ಲಿ ಇರಲಿಲ್ಲ. ಮಿಸ್ ನೀಲಿ ಸಮುದ್ರದಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟರು. ಮದ್ರಾಸಿಗೆ ರೈಲು, ಅಲ್ಲಿಂದ ಕಲ್ಕತ್ತಾ ಮೇಲ್, ಕಲ್ಕತ್ತಾದಿಂದ ವಿಮಾನ, ಮತ್ತೆ ರೈಲು, ಕೊನೆಗೆ ದೋಣಿ. ನಾನು ಹೋಗುವವಳಲ್ಲ, ನನಗೆ ಚಿಕ್ಕ ಮಗು. ಆದರೂ ಆ ದಾರಿಯೆಲ್ಲ ನನಗೆ ಬಾಯಿಪಾಠವಾಗಿತ್ತು. ಸ್ನಾನ ಹೇಗೆ ಎಂದು ಮಿಸ್ ಕೇಳಿ ಬರೆದಿದ್ದರು. ದೊಡ್ಡ ಮಣ್ಣಿನ ಜಾಡಿಯಲ್ಲಿ ನೀರು ತುಂಬಿಟ್ಟಿರುತ್ತೇವೆ, ಮೊಗೆದು ಹಾಕಿಕೊಳ್ಳುವುದು ಎಂದು ಉತ್ತರ ಬಂತು. ಮಿಸ್ ಅದನ್ನು ಓದಿ, "ನೋಡು, ನಮ್ಮ ಹಂಡೆ-ತಂಬಿಗೆನೇ. ಸುಮ್ನೆ ಹೆದರ್ಕೊಂಡಿದ್ದೆ" ಎಂದು ಮಗುವಿನ ಹಾಗೆ ಖುಷಿಪಟ್ಟಿದ್ದರು.

ನಮ್ಮತ್ತೆಯ ಚಿಂತೆ ಊಟದ್ದು. "ಅಲ್ಲಿ ಎಲ್ಲಕ್ಕೂ ಮೀನು ಹಾಕ್ತಾರಂತೆ. ಕಾಫಿಗೂ ಹಾಕ್ತಾರೋ ಏನೋ."

"ಮೀನು ಸಮುದ್ರದಲ್ಲಿರುತ್ತೆ ಅಕ್ಕಾ, ನಾನು ದಡದಲ್ಲಿರ್ತೀನಿ" ಎಂದರು ಮಿಸ್.

ಆದರೂ ಅತ್ತೆ ಬಿಡಲಿಲ್ಲ. ಹುರಿದ ಅವಲಕ್ಕಿ, ಮೆಂತ್ಯದ ಹಿಟ್ಟು, ಒಂದು ಡಬ್ಬಿ ಚಟ್ನಿಪುಡಿ ಮಾಡಿಕೊಟ್ಟರು.

ಇನ್ನೊಂದು ಗುಟ್ಟಿನ ಕೆಲಸ ನಡೆಯಿತು. ಮಿಸ್ ಮತ್ತು ನಾನು ಗಾಂಧಿ ಬಜಾರಿಗೆ ಹೋಗಿ ಹತ್ತಿಬಟ್ಟೆ ತಂದೆವು. ನೀಲಿಯ ಮೇಲೆ ಬಿಳಿ ಹೂವಿನದು. ಟೈಲರ್ ಹತ್ತಿರ ಮೊಣಕಾಲಿನ ಕೆಳಗೆ ಬರುವಂಥ ಒಂದು ಸಡಿಲವಾದ ಫ್ರಾಕ್ ಹೊಲಿಸಿದರು, ಸಮುದ್ರಕ್ಕೆ ಇಳಿಯಲು. ಅತ್ತೆಯ ಕಣ್ಣಿಗೆ ಅದು ಬಿದ್ದೇಬಿಟ್ಟಿತು. ಎತ್ತಿ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ, "ಇದೇನು, ಹಾಸಿಗೆ ಗವಸಾ?" ಎಂದರು. ಮಿಸ್ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಅವರು ಅಷ್ಟು ನಕ್ಕದ್ದನ್ನು ಮತ್ತೆ ನಾನು ನೋಡಲಿಲ್ಲ...

ಮಲ್ಲೇಶ್ವರದಲ್ಲಿದ್ದ ಮಿಸ್ ಅವರ ತಮ್ಮ, ಅಕ್ಕ ಊರಲ್ಲಿಲ್ಲದ ಮೂರು ವಾರ ಅಜ್ಜಿಯನ್ನು ತಮ್ಮ ಮನೆಯಲ್ಲಿ ಇಟ್ಟುಕೊಳ್ಳಲು ಒಪ್ಪಿದ್ದರು. ಅಜ್ಜಿ ಆಗ ಕೋಲೂರಿಕೊಂಡು ನಡೆಯುತ್ತಿದ್ದರು. ಪರೀಕ್ಷೆಯ ಪೇಪರುಗಳನ್ನು ತಿದ್ದಿ ಮುಗಿಸಿದ್ದಾಗಿತ್ತು. ಶನಿವಾರ ರೈಲು.

ಅಲ್ಲಿ ಅತ್ತೆ ಪಂಚಾಂಗ ತೆಗೆದರು. "ಶನಿವಾರ ಪೂರ್ವಕ್ಕೆ ವಾರಶೂಲೆ. ಹೊರಡೋ ಹಾಗಿಲ್ಲ."

"ಭೂಮಿ ಗುಂಡಗಿದೆ ಅಕ್ಕಾ. ಪಶ್ಚಿಮಕ್ಕೆ ಹೊರಟೆ ಅಂದ್ಕೊಳ್ಳಿ, ಅಲ್ಲಿಗೇ ಹೋಗಿ ಸೇರ್ತೀನಿ."

"ಗುಂಡಗಿದ್ರೆ ಗುಂಡಗೇ ಇರ್ಲಿ. ಗುರುವಾರ ಬೆಳಗ್ಗೆ ಬ್ಯಾಗ್ ತಂದು ನಮ್ಮನೇಲಿಡು. ಪ್ರಸ್ಥಾನ ಇಟ್ಟ ಹಾಗಾಗುತ್ತೆ."

ಈಗಿನವರಿಗೆ ಪ್ರಸ್ಥಾನ ಗೊತ್ತಿಲ್ಲ. ಹೊರಡುವ ದಿನ ಸರಿಯಿಲ್ಲದಿದ್ದರೆ, ಅದಕ್ಕೆ ಮುಂಚೆ ಒಳ್ಳೆಯ ಹೊತ್ತು ನೋಡಿ, ಹೋಗುವ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ತಮ್ಮ ಗಂಟೊಂದನ್ನು ಇಟ್ಟು ಬರುವುದು. ಅಲ್ಲಿಗೆ ಪ್ರಯಾಣ ಶುರುವಾದ ಲೆಕ್ಕ. ಆಮೇಲೆ ಯಾವಾಗ ಹೊರಟರೂ ದೋಷವಿಲ್ಲ. ಆದರೆ ಇಟ್ಟ ಗಂಟನ್ನು ಮನೆಗೆ ವಾಪಸು ತರಬಾರದು. ತಂದರೆ ಪ್ರಯಾಣ ಮುರಿಯಿತು ಎಂದೇ ಅರ್ಥ. ನಮ್ಮ ಮನೆ ಮಿಸ್ ಮನೆಗೆ ಪೂರ್ವಕ್ಕಿತ್ತು. ಗುರುವಾರ ಬೆಳಗ್ಗೆ ಮಿಸ್ ನೀಲಿ ಬ್ಯಾಗಿನಲ್ಲಿ ಒಂದು ಸೀರೆ, ಆ ಫ್ರಾಕು, ಚಟ್ನಿಪುಡಿ ಡಬ್ಬಿ ಇಟ್ಟು ತಂದರು. ಅತ್ತೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ದೇವರ ಮನೆಯ ಬಾಗಿಲಲ್ಲಿ ಇಟ್ಟುಕೊಂಡರು. "ವೆಲ್, ಐ ಹ್ಯಾವ್ ಲೆಫ್ಟ್" ಎಂದು ಮಿಸ್ ನನಗೆ ಕಣ್ಣು ಮಿಟುಕಿಸಿದರು.

ಮರುದಿನ ಶುಕ್ರವಾರ, ಹೆಂಗಸರು ಎಣ್ಣೆನೀರು ಹಾಕಿಕೊಳ್ಳುವ ದಿನ. "ಮಗನ ಮನೆಗೆ ಹೋಗ್ತಿದೀನಿ, ತಲೆಗೆ ಎರ್ಕೊಂಡೇ ಹೋಗ್ತೀನಿ" ಎಂದು ಅಜ್ಜಿ ಹಟ ಮಾಡಿದರು. ಮಿಸ್ ಎಣ್ಣೆ ಒತ್ತಿ, ನೀರು ಹಾಕಿ, ಟವೆಲ್ ತರಲು ಒಳಗೆ ಹೋದರು. ಅಷ್ಟರಲ್ಲಿ ಅಜ್ಜಿ ತಾವೇ ಎದ್ದರು. ಬಚ್ಚಲ ಕಲ್ಲಿನ ಮೇಲೆ ಎಣ್ಣೆ... ಆ ಸದ್ದು ನಮ್ಮ ಮನೆಗೂ ಕೇಳಿಸಿತು.

ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಿಂದ ಬಂದ ಮೇಲೂ ಅಜ್ಜಿ ಮತ್ತೆ ಏಳಲಿಲ್ಲ. ನಡೆಯುವ ತಾಯಿಯನ್ನು ಮೂರು ವಾರ ಇಟ್ಟುಕೊಳ್ಳಲು ಒಪ್ಪಿದ್ದ ಮನೆಯವರು, ಮಲಗಿದ ತಾಯಿಯನ್ನು ಇಟ್ಟುಕೊಳ್ಳುವ ಮಾತೆತ್ತಲಿಲ್ಲ. ಮಿಸ್ ಕೇಳಲೂ ಇಲ್ಲ. ಟಿಕೆಟ್ ಕ್ಯಾನ್ಸಲ್ ಆಯಿತು.

ಕೆಲವು ದಿನಗಳಾದ ಮೇಲೆ ಮಿಸ್ ನಮ್ಮ ಮನೆಗೆ ಬಂದರು. ಬ್ಯಾಗನ್ನು ನೋಡಿದರು, ಕೈ ಚಾಚಲಿಲ್ಲ. ಅತ್ತೆ ಮೆಲ್ಲಗೆ, "ತಗೊಂಡು ಹೋಗು ತಾಯಿ, ಪರವಾಗಿಲ್ಲ. ಶಾಸ್ತ್ರಕ್ಕೇನು" ಎಂದರು. ಶಾಸ್ತ್ರಕ್ಕೇನು ಎಂದು ನಮ್ಮತ್ತೆ ಹೇಳಿದ್ದು ನನಗೆ ತಿಳಿದಂತೆ ಅದೊಂದೇ ಸಲ.

ಶಾಸ್ತ್ರ ನಂಬದ ಮಿಸ್ ತಲೆ ಅಲ್ಲಾಡಿಸಿದರು. "ಬೇಡ ಅಕ್ಕಾ. ಇಲ್ಲೇ ಇರ್ಲಿ. ನಾನು ಹೊರಟಾಗಿದೆ. ಇನ್ನೂ ತಲುಪಿಲ್ಲ, ಅಷ್ಟೇ."

ಆಮೇಲೆ ಪ್ರತಿ ವರ್ಷ, ಪೇಪರು ತಿದ್ದಿ ಮುಗಿಸಿದ ಮೇಲೆ, ಒಂದು ಮಧ್ಯಾಹ್ನ ಅವರು ಬರುತ್ತಿದ್ದರು. ಬ್ಯಾಗಿನ ಬಟ್ಟೆಗಳನ್ನು ನಮ್ಮ ತಾರಸಿಯ ಬಿಸಿಲಿಗೆ ಹಾಕುವರು. ಹಳೇ ಚಟ್ನಿಪುಡಿ ತೆಗೆದು ಅತ್ತೆ ಮಾಡಿಟ್ಟ ಹೊಸದನ್ನು ತುಂಬುವರು. ಬಟ್ಟೆ ಬಿಸಿಯಾಗುವ ತನಕ ನಾವಿಬ್ಬರೂ ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ಮತ್ತೆ ಪ್ಲ್ಯಾನ್ ಮಾಡುವೆವು. ಮದ್ರಾಸ್, ಕಲ್ಕತ್ತಾ, ವಿಮಾನ, ರೈಲು, ದೋಣಿ. ದ್ವೀಪದ ಗೆಳತಿ ಈ ವರ್ಷವೂ ಕೊನೆಯ ಗುಡಿಸಲು ಖಾಲಿ ಇಟ್ಟಿದ್ದಾಳಂತೆ ಎನ್ನುವರು. ಒಂದು ಸಲ ನಾನು ತಡೆಯಲಾರದೆ, "ಒಂದ್ ಹದಿನೈದು ದಿನ ನಾನೂ ಅತ್ತೆನೂ ಅಜ್ಜೀನ ನೋಡ್ಕೋತೀವಿ ಮಿಸ್. ಹೋಗ್ಬನ್ನಿ" ಅಂದೆ. ಅವರು ಫ್ರಾಕಿನ ಅಂಚು ಮಡಿಸುತ್ತಾ, "ನಾನು ಟವೆಲ್ ಮೊದಲೇ ತಂದಿಟ್ಕೋಬೇಕಿತ್ತು" ಎಂದರು. ಅಷ್ಟೇ. ಮತ್ತೆ ನಾನು ಆ ಮಾತು ಎತ್ತಲಿಲ್ಲ.

ಎಂಬತ್ತರ ದಶಕದ ನಡುವೆ ಮಿಸ್‌ಗೆ ಹೊಟ್ಟೆನೋವು ಶುರುವಾಯಿತು. ಎಲ್ಲರೂ ಗ್ಯಾಸ್ಟ್ರಿಕ್ ಅಂದುಕೊಂಡೆವು. ಗ್ಯಾಸ್ಟ್ರಿಕ್ ಆಗಿರಲಿಲ್ಲ. ಬೇಸಿಗೆಯ ಹೊತ್ತಿಗೆ ಅವರು ಆಸ್ಪತ್ರೆಯ ಮಂಚದಲ್ಲಿ ಹಾಸಿಗೆಗೆ ಅಂಟಿದ ಹಾಗೆ ಆಗಿದ್ದರು. ನಾನು ನೋಡಲು ಹೋದ ದಿನ ಕೇಳಿದರು, "ಈ ವರ್ಷ ಬಿಸಿಲಿಗೆ ಹಾಕಿದ್ಯಾ?"

"ಹಾಕಿದೆ ಮಿಸ್."

"ಗುಡ್ ಗರ್ಲ್" ಎಂದರು. ಕಣ್ಣು ಮುಚ್ಚಿಕೊಂಡೇ, "ಪುಡಿ?"

"ಹೊಸದು. ಅತ್ತೆ ನಿನ್ನೆ ಕುಟ್ಟಿಸಿದ್ರು."

ಆ ವಾರವೇ ಹೋಗಿಬಿಟ್ಟರು.

ಮನೆಯಲ್ಲಿ ಅಜ್ಜಿ ಮಲಗಿದ್ದರು. ಹೇಗೆ ಹೇಳುವುದು? ಮಿಸ್ ಅವರ ತಮ್ಮ ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತುಬಿಟ್ಟರು. ಒಳಗೆ ಹೋದವರು ನಮ್ಮತ್ತೆ, ಹಿಂದೆ ನಾನು. ಅಜ್ಜಿ ಕತ್ತು ಹೊರಳಿಸಿ, "ಎಲ್ಲಿ ಅವಳು? ಆಸ್ಪತ್ರೆಯಿಂದ ಬಿಟ್ರಾ?" ಎಂದರು.

ಅತ್ತೆ ಜೀವಮಾನವೆಲ್ಲ ಸುಳ್ಳು ಹೇಳಲು ತಿಣುಕುತ್ತಿದ್ದವರು. ಅಂದು ತಡವರಿಸಲಿಲ್ಲ. "ಬಿಟ್ರು. ವಾಸಿಯಾಯ್ತು. ಗಾಳಿ ಬದಲಾವಣೆ ಆಗ್ಲಿ ಅಂದ್ರು ಡಾಕ್ಟ್ರು. ಆ ದ್ವೀಪಕ್ಕೆ ಹೋದ್ಲು."

ಅಜ್ಜಿ ದಿಂಬಿನಿಂದ ತಲೆ ಎತ್ತಿದರು. "ಆ ಚೀನಾ ಹುಡುಗಿ ಮನೆಗಾ?"

"ಹೂಂ."

"ಸದ್ಯ" ಎಂದರು ಅಜ್ಜಿ. "ನಾನು ಬಿದ್ದ ದಿನದಿಂದ ಕಾಯ್ತಿದೀನಿ ಕಣಮ್ಮ, ಯಾವಾಗ ಹೋಗ್ತಾಳೋ ಅಂತ. ಹೋಗು ಅಂದ್ರೆ ಬೈತಿದ್ಲು." ಆಮೇಲೆ ನನ್ನ ಕಡೆ ತಿರುಗಿ, "ನೀನು ಇಂಗ್ಲಿಷಲ್ಲಿ ಕಾಗದ ಬರೀತೀಯಲ್ಲ, ಅಮ್ಮ ಕೇಳ್ತಿದಾಳೆ, ಬೇಗ ಬಾ ಅಂತ ಮಾತ್ರ ಬರೀಬೇಡ" ಎಂದರು.

ನಾನು ಹಿತ್ತಲಿಗೆ ಹೋಗಿ, ಆ ಬಚ್ಚಲ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ...

ಅಲ್ಲಿಗೂ ನಮಗೂ ಒಂದೂವರೆ ಗಂಟೆ ವ್ಯತ್ಯಾಸ ಎಂದು ಮಿಸ್ ಯಾವಾಗಲೋ ಅಜ್ಜಿಗೆ ಹೇಳಿದ್ದರಂತೆ. ಉಳಿದ ಕೆಲವು ತಿಂಗಳು ಅಜ್ಜಿ ಅದೇ ಲೆಕ್ಕದಲ್ಲಿ ಬದುಕಿದರು. ನಾವು ದೀಪ ಹಚ್ಚುವ ಹೊತ್ತಿಗೆ, "ಅವಳದ್ದು ಊಟ ಆಗಿರುತ್ತೆ" ಅನ್ನುವರು. ದ್ವೀಪಕ್ಕೆ ನಿಜವಾದ ಕಾಗದ ನಾನೇ ಬರೆದೆ. ಆ ಬೇಸಿಗೆಯೂ ಕೊನೆಯ ಗುಡಿಸಲು ಯಾರಿಗೂ ಕೊಡಲಿಲ್ಲ ಎಂದು ಉತ್ತರ ಬಂತು. ನಾನು ಮತ್ತೆ ಬರೆಯಲಿಲ್ಲ. ಏನಂತ ಬರೆಯಲಿ?

ಮಿಸ್ ಮನೆ ಇದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್. ಬ್ಯಾಗನ್ನು ವಾಪಸು ಒಯ್ಯಬೇಕೆಂದರೂ ಒಯ್ಯಲು ಬಾಗಿಲಿಲ್ಲ. ನಾನು ಹಾಗೆ ಕೂತಿದ್ದಾಗ ಮಗಳು ಬಂದು ನೋಡಿ, "ಅಮ್ಮಾ, ಇದನ್ನೂ ಟೆಂಪೋಗೆ ಹಾಕ್ಲಾ?" ಎಂದಳು. ಆಗ ನನಗೆ ಹೊಳೆಯಿತು. ಕೆಂಗೇರಿ ಪಶ್ಚಿಮಕ್ಕಿದೆ.

"ಬೇಡ" ಅಂದೆ. "ಇದು ಆ ಕಡೆ ಬರೋ ಹಾಗಿಲ್ಲ."

ಜಯನಗರದಲ್ಲಿರುವ ತಂಗಿಗೆ ಫೋನ್ ಮಾಡಿದೆ. ಒಂದು ಬ್ಯಾಗ್ ತರುತ್ತೇನೆ, ಇಟ್ಟುಕೊಂಡಿರು, ವರ್ಷಕ್ಕೊಂದು ಸಲ ಬಿಸಿಲಿಗೆ ಹಾಕು ಎಂದೆ. "ಎಷ್ಟು ದಿನಕ್ಕೆ ಅಕ್ಕಾ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಅವಳಿಗೂ ಎಪ್ಪತ್ತು ದಾಟಿದೆ. ನಾವಿಬ್ಬರೂ ಹೋದ ಮೇಲೆ ಇದನ್ನು ಯಾರಾದರೂ ಕಸದ ಗಾಡಿಗೆ ಹಾಕುತ್ತಾರೆ, ಅದು ನನಗೆ ಗೊತ್ತಿಲ್ಲದ್ದೇನಲ್ಲ.

ಮರುದಿನ ಬೆಳಗ್ಗೆ ಹೊರಡುವ ಮೊದಲು ಫ್ರಾಕನ್ನು ಬಿಚ್ಚಿ ನೋಡಿದೆ. ಮಡಿಕೆಯ ಗೆರೆಯಲ್ಲಿ ಬಣ್ಣ ಮಾಸಿದೆ, ಉಳಿದೆಡೆ ಹೂವುಗಳು ಹಾಗೇ ಇವೆ. ಅಷ್ಟು ವರ್ಷ ಬಿಸಿಲು ಕಂಡ ಬಟ್ಟೆ, ನೀರು ಮಾತ್ರ ಒಂದು ಸಲವೂ ಕಂಡಿಲ್ಲ. ಮೊದಲಿನ ಹಾಗೇ ಮಡಿಸಿಟ್ಟು ಜಿಪ್ ಎಳೆದೆ.

ಆಟೋದಲ್ಲಿ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಸೌತ್ ಎಂಡ್ ಸರ್ಕಲ್ ದಾಟಿದಾಗ ಬೆಳಗಿನ ಬಿಸಿಲು ನೇರ ಮುಖಕ್ಕೆ ಹೊಡೆಯಿತು. ಎರಡು ಮೈಲಿಯೂ ಇಲ್ಲ. ಮಿಸ್ ಹೊರಟ ಮೇಲೆ ಸಾಗಿದ ದೂರ ಅಷ್ಟೇ. ತಂಗಿಯ ಮನೆಯಲ್ಲಿ ಬ್ಯಾಗು ಇಳಿಸಿ, ಒಂದು ಲೋಟ ಕಾಫಿ ಕುಡಿದು, ಅದೇ ದಾರಿಯಲ್ಲಿ ಹಿಂದಕ್ಕೆ ಬಂದೆ, ಒಬ್ಬಳೇ. ಸೀರೆಯ ಮಡಿಲಲ್ಲಿ ಚಟ್ನಿಪುಡಿಯ ವಾಸನೆ ಮನೆ ಬರುವ ತನಕ ಇತ್ತು.