ಡೆನಿಸ್ ಆಡದ ಮಾತು

ಡೆನಿಸ್ ಆ ಮಾತನ್ನು ಆಡಲೇ ಇಲ್ಲ. ಅವಳ ಹೆಸರಿನಲ್ಲಿ ಆಡಿದವಳು ನಾನು — ಅದೂ ನನ್ನ ಮಗಳೆದುರು.

ಮಗಳು ಮೇಘಾ ಆಗ ಸೌತ್ ಕೆರೋಲಿನಾದ ಒಂದು ಕಾಲೇಜಿನಲ್ಲಿ ವಾಲಿಬಾಲ್ ಆಡುತ್ತಿದ್ದಳು. ಡೆನಿಸ್ ಅವಳ ತಂಡದವಳು, ರೂಮ್‌ಮೇಟ್ ಕೂಡ. ಕಪ್ಪು ಜನಾಂಗದ ಹುಡುಗಿ. ರಜೆಯಲ್ಲಿ ಫೋರ್ಟ್ ಮಿಲ್‌ನ ನಮ್ಮ ಮನೆಗೆ ಬಂದರೆ ಅಡುಗೆಮನೆಯಲ್ಲೇ ನಿಂತು ಚಿತ್ರಾನ್ನ ತಿನ್ನುತ್ತ, ಮೇಘಾ ಕಲಿಸಿದಂತೆ ನನ್ನನ್ನು "ಆಂಟಿ" ಎನ್ನುತ್ತಿದ್ದಳು.

ರಾಜ್ಯದ ಶಾಸನಸಭೆಯ ಮುಂದೆ ಆಗ ಒಂದು ಬಾವುಟ ಹಾರುತ್ತಿತ್ತು — ಗುಲಾಮಗಿರಿ ಉಳಿಸಿಕೊಳ್ಳಲು ಯುದ್ಧ ಮಾಡಿದ ಹಳೆಯ ದಕ್ಷಿಣದ ಸೈನ್ಯದ್ದು. ಅದು ಇಳಿಯುವವರೆಗೆ ಈ ರಾಜ್ಯಕ್ಕೆ ದೊಡ್ಡ ಪಂದ್ಯಾವಳಿಗಳನ್ನು ಕೊಡುವುದಿಲ್ಲವೆಂದು ಕಾಲೇಜು ಕ್ರೀಡೆಗಳ ಒಕ್ಕೂಟ ಪಟ್ಟು ಹಿಡಿದಿತ್ತು. 2015ರ ಬೇಸಿಗೆಯಲ್ಲಿ ತಂಡದ ಹುಡುಗಿಯರು ತಾವೂ ಜೆರ್ಸಿ ತೊಟ್ಟು ರಾಜಧಾನಿ ಕೊಲಂಬಿಯಾಕ್ಕೆ ಹೋಗಿ ಶಾಸನಸಭೆಯ ಮುಂದೆ ನಿಲ್ಲಬೇಕೆಂದುಕೊಂಡರು. ಮೇಘಾಳನ್ನು ಕರೆದೊಯ್ಯಲು ಡೆನಿಸ್ ಬಂದಾಗ ಮಗಳು ಸ್ನಾನಕ್ಕೆ ಹೋಗಿದ್ದಳು.

ನಮ್ಮ ಗ್ರೀನ್ ಕಾರ್ಡ್ ಇನ್ನೂ ಬಂದಿರಲಿಲ್ಲ. ಮಗಳ ಫೋಟೊ ಪೇಪರಿನಲ್ಲಿ ಬಂದರೆ — ಯಾರಾದರೂ ಹೆಸರು ವಿಚಾರಿಸಿದರೆ — ಹೀಗೆ ಹೆದರಿದ್ದೆನೆಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಹೆದರಿಕೆ ನಿಜ. ಆದರೆ ಅದರ ಅಡಿಯಲ್ಲಿ ಇನ್ನೊಂದಿತ್ತು. ಇದು ಅವರ ಜಗಳ, ನಮಗೇಕೆ ಎಂಬ... ಅದನ್ನು ಹೇಳಲು ಈಗಲೂ ನಾಲಿಗೆ ಏಳುವುದಿಲ್ಲ.

ಬಾಗಿಲಲ್ಲಿ ನಿಂತೇ ಡೆನಿಸ್‌ಗೆ ಹೇಳಿದೆ — ಮೇಘಾ ಮನಸ್ಸು ಬದಲಾಯಿಸಿದ್ದಾಳೆ, ನಿನಗೆ ಹೇಳಲು ಅವಳಿಗೆ ಮುಜುಗರ. "ಓಕೆ, ಆಂಟಿ," ಎಂದು ಹೊರಟುಹೋದಳು.

ಮೇಘಾ ಒದ್ದೆಗೂದಲಲ್ಲೇ ಓಡಿಬಂದಳು. "ಅಮ್ಮಾ, ಕಾರ್ ಸೌಂಡ್ ಕೇಳ್ತು. ಡೆನಿಸ್ ಬಂದ್ಲಾ?"

"ಬಂದು ಹೋದ್ಲು ಪುಟ್ಟಾ. ನೀನು ಬರೋದು ಬೇಡವಂತೆ. 'ಇದು ನಮ್ಮ ಜನರ ವಿಷಯ, ಅವಳದ್ದಲ್ಲ' ಅಂದ್ಲು."

"ಶೀ ಸೆಡ್ ದಟ್?"

"ಹೂಂ."

ಇಬ್ಬರೂ ಸ್ವಾಭಿಮಾನಿಗಳು. ಇವಳು ಕೇಳಲಿಲ್ಲ, ಅವಳು ಹೇಳಲಿಲ್ಲ. ಆ ಬೇಸಿಗೆಯಲ್ಲೇ ಬಾವುಟ ಇಳಿಯಿತು. ಟಿವಿಯಲ್ಲಿ ಜನ ಅಪ್ಪಿಕೊಂಡು ಅಳುತ್ತಿದ್ದರೆ ಮೇಘಾ ಎದ್ದು ಒಳಗೆ ಹೋದಳು. ಆಗಲೇ ಅವಳ ಹಿಂದೆ ಹೋಗಿ ಬಾಯಿ ಬಿಡಬಹುದಿತ್ತು — ಹೋಗಲಿಲ್ಲ. ಕಾಲೇಜು ಶುರುವಾದಾಗ ಅವಳು ತಂಡವನ್ನೇ ಬಿಟ್ಟಳು.

ಒಮ್ಮೆ ಶಾರ್ಲಟ್‌ನ ಅಂಗಡಿಯೊಂದರಲ್ಲಿ ಡೆನಿಸ್ ಎದುರಾದಳು. ಮೇಘಾ ಚೆನ್ನಾಗಿದ್ದಾಳಾ, ಆಂಟಿ ಎಂದು ಕೇಳಿದಳು — ಅಷ್ಟಾದ ಮೇಲೂ ಆಂಟಿ. ಚೆನ್ನಾಗಿದ್ದಾಳೆ ಎಂದು ಸಾಮಾನಿನ ಗಾಡಿ ತಳ್ಳಿಕೊಂಡು ಮುಂದೆ ಹೋದೆ.

ಈಗ ಮೇಘಾಳ ಮದುವೆ ಗೊತ್ತಾಗಿದೆ. ಹೋದ ವಾರ ಯಾರನ್ನು ಕರೆಯುವುದೆಂಬ ಮಾತು ಬಂದಾಗ, "ವಾಲಿಬಾಲ್ ಫ್ರೆಂಡ್ಸ್ ಯಾರೂ ಬೇಡ ಅಮ್ಮಾ," ಎಂದಳು. ಎಷ್ಟು ಸಲೀಸಾಗಿ ಎಂದಳು! ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ.

"ಅವಳು ಹಾಗೆ ಹೇಳೇ ಇಲ್ವಾ?"

"ಇಲ್ಲ."

ಅವಳು ಕೂಗಾಡಲಿಲ್ಲ. "ಅಮ್ಮಾ, ನಾನು ಎಲ್ಲರ ಹತ್ರ ಅವಳನ್ನ ಬೈದಿದ್ದೀನಿ. ಟೀಮಲ್ಲಿ ಎಲ್ಲರ ಹತ್ರ," ಎಂದಳು.

ಇದು ನನಗೆ ಗೊತ್ತಿರಲಿಲ್ಲ. ನನ್ನ ಸುಳ್ಳು ನಮ್ಮ ಮನೆಯೊಳಗೇ ಉಳಿದಿದೆ ಎಂದುಕೊಂಡಿದ್ದೆ.

ಡೆನಿಸ್ ಈಗ ಅಟ್ಲಾಂಟಾದಲ್ಲಿ ಹುಡುಗಿಯರಿಗೆ ಕೋಚ್. "ನಾನು ಹೋಗ್ತೀನಿ, ಆದ್ರೆ ಫಸ್ಟ್ ನೀನು ಹೋಗಿ ಹೇಳು," ಎಂದಿದ್ದಾಳೆ ಮೇಘಾ. ಶನಿವಾರ ಹೊರಡುತ್ತೇನೆ. ಗ್ರೀನ್ ಕಾರ್ಡಿನ ನೆಪ ಹೇಳುವುದಿಲ್ಲ. ಏಕೆ ಹಾಗೆ ಮಾಡಿದಿರಿ ಎಂದು ಅವಳು ಕೇಳಿದರೂ ಹೇಳುವುದಿಲ್ಲ.